ನಿಷೇಧ ಒಂದು, ವಿಧೇಯ ಎರಡು: ‘ಅಲ್ಲ’, ‘ಇಲ್ಲ’ ಮತ್ತು ಗಣಿತೀಯ ತರ್ಕದ ವಿಧೇಯವನ್ನು ಕುರಿತ ವಿಮರ್ಶೆ

ಸಾರಾಂಶ: ವ್ಯಾಕರಣದ ‘ವಿಧೇಯ’ವನ್ನೂ ಗಣಿತೀಯ ತರ್ಕದ ‘ವಿಧೇಯ’ವನ್ನೂ ಒಂದೇ ಎಂದು ಬಗೆದು ಕನ್ನಡ ವಾಕ್ಯಗಳ ತಾರ್ಕಿಕ ರೂಪವನ್ನು ಬರೆಯುವ ರೂಢಿಯನ್ನು ಈ ಲೇಖನ ಪರಿಶೀಲಿಸುತ್ತದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ಕುರಿತ ಕೆಲವು ಸರಳ ವಾಕ್ಯಗಳನ್ನು ಆಧಾರವಾಗಿಟ್ಟುಕೊಂಡು, ‘ಅಲ್ಲ’ ಮತ್ತು ‘ಇಲ್ಲ’ ಎಂಬುವು ಎರಡು ಬಗೆಯ ನಿಷೇಧಗಳಲ್ಲ, ಒಂದೇ ನಿಷೇಧದ ಕೆಳಗಿರುವ ಎರಡು ಬಗೆಯ ವಿಧೇಯಗಳ ಗುರುತುಗಳು ಎಂದು ನಾವು ವಾದಿಸುತ್ತೇವೆ. ಈ ಪರೀಕ್ಷೆಯ ಮಿತಿಗಳನ್ನೂ ಸೂಚಿಸುತ್ತೇವೆ.

1. ಒಂದು ಪದ, ಮೂರು ಹೊಣೆ

ಕನ್ನಡದಲ್ಲಿ ವ್ಯಾಕರಣ ಬರೆಯುವವರಿಗೂ ತರ್ಕಶಾಸ್ತ್ರ ಬರೆಯುವವರಿಗೂ ‘ವಿಧೇಯ’ ಎಂಬ ಪದ ಸಮಾನವಾಗಿದೆ. ಈ ಪದಕ್ಕೆ ಮೂರು ಹಿನ್ನೆಲೆಗಳಿವೆ. ಮೀಮಾಂಸೆಯಲ್ಲಿ ಉದ್ದೇಶ್ಯ ಎಂದರೆ ಮೊದಲೇ ತಿಳಿದಿರುವುದು, ವಿಧೇಯ ಎಂದರೆ ಅದರ ವಿಷಯದಲ್ಲಿ ಹೊಸದಾಗಿ ವಿಧಿಸಲಾಗುವುದು. ಶಾಲಾ ವ್ಯಾಕರಣದಲ್ಲಿ ವಿಧೇಯ ಎಂದರೆ ಕರ್ತೃಪದವನ್ನು ಬಿಟ್ಟು ವಾಕ್ಯದಲ್ಲಿ ಉಳಿದ ಭಾಗ. ಗಣಿತೀಯ ತರ್ಕದಲ್ಲಿ ವಿಧೇಯ ಎಂದರೆ ಒಂದೋ ಹಲವೋ ಖಾಲಿ ಸ್ಥಾನಗಳುಳ್ಳ ಒಂದು ಫಲನ; ಆ ಸ್ಥಾನಗಳನ್ನು ತುಂಬಿದಾಗ ಸತ್ಯ ಅಥವಾ ಅಸತ್ಯ ಎಂಬ ಮೌಲ್ಯ ದೊರೆಯುತ್ತದೆ. ಮೊದಲನೆಯದು ಮಾಹಿತಿಯ ಹಂಚಿಕೆಯನ್ನು ಹೇಳುತ್ತದೆ, ಎರಡನೆಯದು ವಾಕ್ಯದ ಭಾಗವನ್ನು, ಮೂರನೆಯದು ಅರ್ಥದ ರಚನೆಯನ್ನು. ಮೂರೂ ಒಂದೇ ಪದದಲ್ಲಿ ಸೇರಿಕೊಂಡಿರುವುದರಿಂದ, ಒಂದನ್ನು ಗುರುತಿಸಿದರೆ ಉಳಿದೆರಡನ್ನೂ ಗುರುತಿಸಿದಂತೆ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಈ ಭ್ರಮೆಯನ್ನು ಆಧುನಿಕ ತರ್ಕ ತನ್ನ ಮೊದಲ ಪುಸ್ತಕದಲ್ಲಿಯೇ ತಳ್ಳಿಹಾಕಿತ್ತು. ಗಾಟ್ಲೋಬ್ ಫ್ರೇಗೆ 1879ರ ‘ಬೆಗ್ರಿಫ್ಸ್‌ಶ್ರಿಫ್ಟ್’ನಲ್ಲಿ ಉದ್ದೇಶ್ಯ–ವಿಧೇಯ ಎಂಬ ವಿಭಜನೆಗೆ ತನ್ನ ಬರವಣಿಗೆಯಲ್ಲಿ ಎಡೆಯಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತಾನೆ. ಪ್ಲಟೇಯಾದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು ಎಂದರೂ ಪರ್ಷಿಯನ್ನರು ಗ್ರೀಕರಿಂದ ಸೋಲಿಸಲ್ಪಟ್ಟರು ಎಂದರೂ ಅನುಮಾನಕ್ಕೆ ಬೇಕಾದ ಅರ್ಥಾಂಶ ಒಂದೇ. ಬದಲಾದದ್ದು ವ್ಯಾಕರಣದ ಉದ್ದೇಶ್ಯ ಮಾತ್ರ. ಆದ್ದರಿಂದ ಅವನು ಉದ್ದೇಶ್ಯ–ವಿಧೇಯಗಳ ಜಾಗದಲ್ಲಿ ಫಲನವನ್ನೂ ಅದರ ಸ್ಥಾನಪೂರಕಗಳನ್ನೂ ಇಟ್ಟನು. ಗಣಿತೀಯ ತರ್ಕದ ವಿಧೇಯ ಹುಟ್ಟಿದ್ದು ವ್ಯಾಕರಣದ ವಿಧೇಯವನ್ನು ಕೈಬಿಟ್ಟ ಮೇಲೆ. ಹೆಸರು ಮಾತ್ರ ಹಳೆಯದೇ ಉಳಿಯಿತು.

ಹೀಗಿದ್ದರೂ ಕನ್ನಡದ ಅರ್ಥವಿಚಾರದಲ್ಲಿ ಒಂದು ರೂಢಿ ಬೇರೂರಿದೆ. ವಾಕ್ಯದ ಕೊನೆಯ ಪದವನ್ನು ವಿಧೇಯದ ಅಕ್ಷರವಾಗಿ ಬರೆಯುವುದು, ಹಿಂದಿನ ನಾಮಪದಗಳನ್ನು ಸ್ಥಾನಪೂರಕಗಳಾಗಿ ಆವರಣದೊಳಗೆ ಇಡುವುದು, ‘ಅಲ್ಲ’ ಬಂದರೂ ‘ಇಲ್ಲ’ ಬಂದರೂ ಸೂತ್ರದ ಮುಂದೆ ಒಂದೇ ನಿಷೇಧಚಿಹ್ನೆಯನ್ನು ಹಚ್ಚಿ ಮುಗಿಸುವುದು. ನಮ್ಮ ಆಕ್ಷೇಪ ಒಂದೇ ಚಿಹ್ನೆಯ ಬಗ್ಗೆ ಅಲ್ಲ. ಅದು ಸರಿಯಾಗಿಯೇ ಇದೆ. ಚಿಹ್ನೆಯ ಬಲಕ್ಕಿರುವ ವಿಧೇಯವನ್ನು ಎರಡೂ ಕಡೆ ಒಂದೇ ರೀತಿ ಬರೆಯುವುದರ ಬಗ್ಗೆ ನಮ್ಮ ಆಕ್ಷೇಪವಿದೆ.

2. ನಲ್ಲೂರಿನ ವಾಕ್ಯಗಳು

ವಾದವನ್ನು ನೆಲದ ಮೇಲೆ ನಿಲ್ಲಿಸಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಲ್ಲೂರನ್ನು ಆರಿಸಿಕೊಳ್ಳುತ್ತೇವೆ. ಅಲ್ಲಿನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ತಾಣ ಅದು. ಅಧಿಕೃತ ವಿವರಣೆಗಳ ಪ್ರಕಾರ ಸುಮಾರು 300 ಮರಗಳು 54 ಎಕರೆಯಲ್ಲಿ ಹರಡಿವೆ. ತೋಪು ಚೋಳರ ಕಾಲದ್ದು ಎಂಬುದು ಜನರ ನಂಬಿಕೆ. ಈ ಪುಟ್ಟ ವಿವರಣೆಯಲ್ಲಿ ತರ್ಕಶಾಸ್ತ್ರ ಬೇರ್ಪಡಿಸಿ ನೋಡುವ ವಿಧೇಯಗಳಲ್ಲಿ ಹಲವು ಸೇರಿವೆ. ಅದನ್ನು ವಾಕ್ಯಗಳಾಗಿ ಬಿಡಿಸೋಣ; ಪ್ರತಿಯೊಂದರ ಎದುರು ಅದರ ನಿಷೇಧವನ್ನೂ ಬರೆಯೋಣ. ವಾಕ್ಯಗಳು ನಾವು ರಚಿಸಿಕೊಂಡವು. ತೀರ್ಮಾನಗಳು ಬೆಂಗಳೂರು ಸೀಮೆಯ ಕನ್ನಡಕ್ಕೆ ಸಂಬಂಧಿಸಿದವು.

(1) ತೋಪು ಪಾರಂಪರಿಕ ತಾಣ. — ತೋಪು ಪಾರಂಪರಿಕ ತಾಣವಲ್ಲ.
(2) ತೋಪಿನಲ್ಲಿ ಹುಣಸೆ ಮರಗಳಿವೆ. — ತೋಪಿನಲ್ಲಿ ಹುಣಸೆ ಮರಗಳಿಲ್ಲ.
(3) ಮರಗಳು ಮುನ್ನೂರು. — ಮರಗಳು ಮುನ್ನೂರಲ್ಲ.
(4) ಮರಗಳು ಐವತ್ತನಾಲ್ಕು ಎಕರೆಯಲ್ಲಿ ಹರಡಿವೆ. — ಮರಗಳು ಐವತ್ತನಾಲ್ಕು ಎಕರೆಯಲ್ಲಿ ಹರಡಿಲ್ಲ.
(5) ಮರಗಳು ಹಳೆಯವು. — ಮರಗಳು ಹಳೆಯವಲ್ಲ.

ಮೇಲ್ನೋಟಕ್ಕೆ (3) ಮತ್ತು (5) ಒಂದೇ ಅಚ್ಚಿನವು. ಆದರೆ ಹಳೆಯದಾಗಿರುವುದು ಒಂದೊಂದು ಮರಕ್ಕೂ ಸಲ್ಲುತ್ತದೆ. ಮುನ್ನೂರು ಆಗಿರುವುದು ಯಾವ ಒಂದು ಮರಕ್ಕೂ ಸಲ್ಲುವುದಿಲ್ಲ. 1884ರ ‘ಅಂಕಗಣಿತದ ತಳಹದಿಗಳು’ ಎಂಬ ಕೃತಿಯಲ್ಲಿ ಫ್ರೇಗೆ ತೋರಿಸಿದ್ದು ಇದನ್ನೇ. ಸಂಖ್ಯೆಯನ್ನು ಹೇಳುವಾಗ ನಾವು ವಸ್ತುವಿನ ಬಗ್ಗೆ ಮಾತನಾಡುತ್ತಿರುವುದಿಲ್ಲ, ‘ಈ ತೋಪಿನ ಮರ’ ಎಂಬ ಪರಿಕಲ್ಪನೆಯ ಬಗ್ಗೆ ಮಾತನಾಡುತ್ತಿರುತ್ತೇವೆ. (4) ಸಮೂಹಕ್ಕೆ ಸಲ್ಲುವ ವಿಧೇಯ. ಐವತ್ತನಾಲ್ಕು ಎಕರೆಯಲ್ಲಿ ಹರಡಿದ ಒಂಟಿ ಮರ ಇರಲಾರದು. (1) ಕೂಡ ತೋಪಿಗೆ ಸಲ್ಲುತ್ತದೆಯೇ ಹೊರತು ಅದರ ಒಂದೊಂದು ಮರಕ್ಕೆ ಅಲ್ಲ. ತೋಪು ಪಾರಂಪರಿಕ ತಾಣ ಎಂಬ ಆಧಾರವಾಕ್ಯದಿಂದ ಈ ಮರ ಪಾರಂಪರಿಕ ಮರ ಎಂಬ ತೀರ್ಮಾನ ಹೊರಡುವುದಿಲ್ಲ. ಒಂದು ಮರ ಬಿದ್ದಿತು ಎಂಬುದರಿಂದ ತೋಪಿನ ಮನ್ನಣೆ ಹೋಯಿತು ಎಂಬ ತೀರ್ಮಾನವೂ ಹೊರಡುವುದಿಲ್ಲ. ಕೊನೆಯ ಪದವನ್ನೇ ವಿಧೇಯವೆಂದು ಬರೆಯುವ ರೂಢಿ ಈ ಭೇದಗಳಲ್ಲಿ ಒಂದನ್ನೂ ಉಳಿಸುವುದಿಲ್ಲ.

ನಿಷೇಧವಾಕ್ಯಗಳ ಕಡೆ ನೋಡಿದರೆ (1), (3), (5) ‘ಅಲ್ಲ’ವನ್ನೂ (2), (4) ‘ಇಲ್ಲ’ವನ್ನೂ ಪಡೆದಿವೆ. ಇದಕ್ಕೆ ಸುಲಭವಾದ ವಿವರಣೆ ಎದುರಿಗೇ ಇದೆ: ಮೊದಲ ಗುಂಪಿನಲ್ಲಿ ಕ್ರಿಯಾಪದವಿಲ್ಲ, ಎರಡನೆಯದರಲ್ಲಿ ‘ಇರು’ ಇದೆ, ‘ಇರು’ವಿನ ನಿಷೇಧ ‘ಇಲ್ಲ’. ಅಷ್ಟೇ ಆದರೆ ಇದು ರೂಪದ ವಿಷಯ, ತರ್ಕಕ್ಕೆ ಇಲ್ಲಿ ಕೆಲಸವಿಲ್ಲ. ಈ ವಿವರಣೆ ಸಾಲದು ಎಂಬುದಕ್ಕೆ ಕ್ರಿಯಾಪದವಿಲ್ಲದ ಬೇರೆ ವಾಕ್ಯಗಳೇ ಸಾಕ್ಷಿ.

(6) ನಾಳೆ ನಲ್ಲೂರಿನಲ್ಲಿ ಸಭೆ. — ನಾಳೆ ನಲ್ಲೂರಿನಲ್ಲಿ ಸಭೆ ಇಲ್ಲ.
(7) ಮಗುವಿಗೆ ಜ್ವರ. — ಮಗುವಿಗೆ ಜ್ವರ ಇಲ್ಲ.

ಇಲ್ಲಿಯೂ ಕ್ರಿಯಾಪದ ಕಾಣುವುದಿಲ್ಲ. ಆದರೂ ನಿಷೇಧ ‘ಇಲ್ಲ’. ‘ಜ್ವರ ಅಲ್ಲ’ ಎಂದರೆ ‘ನೆಗಡಿ’ ಎಂದೋ ‘ದಣಿವು’ ಎಂದೋ ಮುಂದುವರಿಸಬೇಕಾಗುತ್ತದೆ. ಅದು ಬೇರೆ ಮಾತು. ಕಾಣದ ‘ಇರು’ ಇಲ್ಲಿ ಅಡಗಿದೆ ಎಂದರೆ, ಅದು (6), (7)ರಲ್ಲಿ ಅಡಗಿದ್ದು (1), (5)ರಲ್ಲಿ ಏಕೆ ಅಡಗಿಲ್ಲ ಎಂದು ಕೇಳಬೇಕಾಗುತ್ತದೆ. ಉತ್ತರವನ್ನು ಅರ್ಥದಲ್ಲಿಯೇ ಹುಡುಕಬೇಕು.

3. ಹುಳಿ ಇಲ್ಲ, ಹುಳಿ ಅಲ್ಲ

ಹುಣಸೆಯನ್ನೇ ಇನ್ನೊಂದು ಉದಾಹರಣೆಗೆ ಬಳಸಿಕೊಳ್ಳೋಣ. ‘ಹುಳಿ’ ಎಂಬುದು ಕನ್ನಡದಲ್ಲಿ ಒಂದು ರುಚಿಯ ಹೆಸರು. ಬೇಳೆ, ತರಕಾರಿ, ಹುಣಸೆಹಣ್ಣು ಹಾಕಿ ಮಾಡುವ ಒಂದು ಅಡುಗೆಯ ಹೆಸರೂ ಹೌದು. ಎಲೆಯ ಮೇಲೆ ಬಡಿಸಿದ್ದನ್ನು ತೋರಿಸಿ ‘ಇದು ಹುಳಿ’ ಎಂದರೆ ಎರಡರಲ್ಲಿ ಯಾವುದನ್ನಾದರೂ ಹೇಳಿದಂತಾಗಬಹುದು. ನಿಷೇಧಿಸಿದ ಕೂಡಲೇ ದಾರಿಗಳು ಬೇರೆಯಾಗುತ್ತವೆ.

(8) ಇದು ಹುಳಿ ಇಲ್ಲ. (ರುಚಿಯಲ್ಲಿ ಹುಳಿತನ ಇಲ್ಲ.)
(9) ಇದು ಹುಳಿ ಅಲ್ಲ. (ಇದು ಸಾರು.)

ನಾಮಪದ ಒಂದೇ, ಉದ್ದೇಶ್ಯ ಒಂದೇ, ಪದಕ್ರಮ ಒಂದೇ. (8) ಒಂದು ಗುಣ ಈ ಪದಾರ್ಥದಲ್ಲಿ ನೆಲೆಸಿದೆ ಎಂಬುದನ್ನು ನಿರಾಕರಿಸುತ್ತದೆ; (9) ಈ ಪದಾರ್ಥ ಇಂಥ ಬಗೆಯದು ಎಂಬುದನ್ನು. ಒಂದು ಆಕ್ಷೇಪ ಬರಬಹುದು: ‘ಇದು ಹುಳಿ ಅಲ್ಲ, ಒಗರು’ ಎಂದೂ ಹೇಳುತ್ತಾರಲ್ಲ, ಅಲ್ಲಿ ‘ಅಲ್ಲ’ ರುಚಿಯನ್ನೇ ನಿರಾಕರಿಸುತ್ತಿದೆಯಲ್ಲ ಎಂದು. ಆದರೆ ಅಲ್ಲಿ ಮಾತು ನಡೆಯುತ್ತಿರುವುದು ಪದಾರ್ಥದಲ್ಲಿ ಹುಳಿ ಇದೆಯೇ ಎಂಬುದರ ಬಗ್ಗೆ ಅಲ್ಲ, ನಾಲಿಗೆಗೆ ತಗಲಿದ ರುಚಿ ಯಾವುದು ಎಂಬುದರ ಬಗ್ಗೆ. ರುಚಿಯನ್ನೇ ಗುರುತಿಸುವಾಗ ‘ಅಲ್ಲ’ ಬರುವುದು ನಮ್ಮ ವಿವರಣೆಗೆ ಹೊಂದುತ್ತದೆ.

ಇದರಿಂದ ಒಂದು ಕಾರ್ಯವಿಧಾನ ದೊರೆಯುತ್ತದೆ: ಕನ್ನಡದ ವಿಧಿವಾಕ್ಯದಲ್ಲಿ ಮರೆಯಾಗಿರುವ ತಾರ್ಕಿಕ ವಿಧೇಯ ನಿಷೇಧವಾಕ್ಯದಲ್ಲಿ ಹೊರಗೆ ಬರುತ್ತದೆ. ಸೂತ್ರ ಬರೆಯುವ ಮುನ್ನ ವಾಕ್ಯವನ್ನು ನಿಷೇಧಿಸಿ ನೋಡುವುದು ಉಪಯುಕ್ತ.

4. ಫ್ರೇಗೆಯ ಉತ್ತರ, ಅದರ ಕೊರತೆ

ತರ್ಕ ಬಲ್ಲವರಿಗೆ ಒಡನೆಯೇ ಹೊಳೆಯುವ ಉತ್ತರವೊಂದಿದೆ. ಅಸ್ತಿತ್ವವು ವಸ್ತುಗಳ ಗುಣವಲ್ಲ, ಅದು ಎರಡನೆಯ ಸ್ತರದ ವಿಧೇಯ. ಹುಣಸೆ ಮರಗಳಿವೆ ಎಂದರೆ ‘ಹುಣಸೆ ಮರ’ ಎಂಬ ಪರಿಕಲ್ಪನೆ ಬರಿದಲ್ಲ ಎಂದು. ಆದ್ದರಿಂದ ‘ಇಲ್ಲ’ ಎರಡನೆಯ ಸ್ತರದ ನಿಷೇಧ, ‘ಅಲ್ಲ’ ಮೊದಲ ಸ್ತರದ ನಿಷೇಧ. ಫ್ರೇಗೆ ಜರ್ಮನ್ ವಾಕ್ಯಗಳಲ್ಲಿ ಅಗೆದು ತೆಗೆಯಬೇಕಾದ ಭೇದ ಕನ್ನಡದಲ್ಲಿ ಬಾಯಿಮಾತಿನಲ್ಲೇ ಸಿಗುತ್ತದೆ ಎಂಬ ತೃಪ್ತಿಯನ್ನೂ ಈ ಉತ್ತರ ಕೊಡುತ್ತದೆ.

ಅದರ ಪರವಾಗಿ ಒಳ್ಳೆಯ ಸಾಕ್ಷ್ಯವೂ ಇದೆ. ‘ಎಲ್ಲವೂ’ ಎಂಬುದನ್ನು ‘ಅಲ್ಲದ್ದು ಒಂದೂ ಇಲ್ಲ’ ಎಂದು ಬಿಡಿಸಿ ಹೇಳಬಹುದೆಂಬುದು ಪರಿಮಾಣಕಗಳ ತರ್ಕದ ಮೊದಲ ಪಾಠ. ಕನ್ನಡದಲ್ಲಿ ಅದು ಹೀಗಿದೆ.

(10) ಹಳೆಯದಲ್ಲದ ಮರ ಈ ತೋಪಿನಲ್ಲಿ ಒಂದೂ ಇಲ್ಲ.

ಒಳಗಿನ ನಿಷೇಧ ‘ಅಲ್ಲ’, ಹೊರಗಿನದು ‘ಇಲ್ಲ’. ಅದಲುಬದಲು ಮಾಡಿ ‘ಹಳೆಯದಿಲ್ಲದ ಮರ ಒಂದೂ ಅಲ್ಲ’ ಎಂದರೆ ಕನ್ನಡವೇ ಆಗುವುದಿಲ್ಲ. ಸೂತ್ರದಲ್ಲಿ ಒಂದೇ ಬಗೆಯ ಎರಡು ಚಿಹ್ನೆಗಳು ಎಲ್ಲಿ ನಿಂತಿವೆಯೋ ಅಲ್ಲಿ ಕನ್ನಡ ಎರಡು ಪದಗಳನ್ನು ಇಟ್ಟಿದೆ.

ಸಂಖ್ಯೆಯ ವಾಕ್ಯಗಳೂ ಇದೇ ದಿಕ್ಕಿನಲ್ಲಿವೆ. ಮರಗಳನ್ನು ಎಣಿಸಿದಾಗ 310 ಸಿಕ್ಕವು ಎಂದುಕೊಳ್ಳೋಣ. ಆಗ ‘ಮರಗಳು ಮುನ್ನೂರಲ್ಲ, ಮುನ್ನೂರ ಹತ್ತು’ ಎನ್ನುವುದು ಸಹಜ. ‘ಇಲ್ಲಿ ಮುನ್ನೂರು ಮರ ಇಲ್ಲ, ಮುನ್ನೂರ ಹತ್ತು ಇವೆ’ ಎನ್ನುವುದು ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ. ‘ಮುನ್ನೂರು ಮರ ಇಲ್ಲ’ ಎಂದವರು ಮುನ್ನೂರಕ್ಕಿಂತ ಕಡಿಮೆ ಇವೆ ಎಂದೇ ಹೇಳಿದಂತೆ. ‘ಅಲ್ಲ’ ಸಂಖ್ಯೆಯ ಗುರುತನ್ನು ನಿರಾಕರಿಸುತ್ತದೆ. ಆಗ ನಿಜವಾದ ಸಂಖ್ಯೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ‘ಇಲ್ಲ’ ಕಡೇಪಕ್ಷ ಅಷ್ಟು ಇವೆ ಎಂಬ ಅಸ್ತಿತ್ವದ ಹೇಳಿಕೆಯನ್ನು ನಿರಾಕರಿಸುತ್ತದೆ. ಸಂಖ್ಯಾವಾಚಕಗಳು ನಿಖರ ಅರ್ಥವನ್ನು ಹೊಂದಿವೆಯೋ ‘ಕಡೇಪಕ್ಷ’ ಎಂಬ ಅರ್ಥವನ್ನು ಹೊಂದಿವೆಯೋ ಎಂಬ ಹಳೆಯ ಚರ್ಚೆಗೆ ಕನ್ನಡದ ಈ ಜೋಡಿ ನೇರವಾಗಿ ಸಂಬಂಧಿಸುತ್ತದೆ.

ಆದರೂ ಫ್ರೇಗೆಯ ಉತ್ತರ ಸಾಲದು. ಕಾರಣ ಈ ವಾಕ್ಯ.

(11) ನಲ್ಲೂರು ಹೊಸಕೋಟೆ ತಾಲ್ಲೂಕಿನಲ್ಲಿ ಇಲ್ಲ.

ಇದು ಸತ್ಯವಾಕ್ಯ. ನಲ್ಲೂರು ಎಂಬುದು ಅಂಕಿತನಾಮ, ಪರಿಕಲ್ಪನೆಯಲ್ಲ. ಈ ವಾಕ್ಯ ನಲ್ಲೂರಿನ ಅಸ್ತಿತ್ವವನ್ನು ಅಲ್ಲಗಳೆಯುವುದಿಲ್ಲ. ಅದು ಇಂಥ ಕಡೆ ಇದೆ ಎಂಬುದನ್ನು ಅಲ್ಲಗಳೆಯುತ್ತದೆ. ಇಲ್ಲಿನ ವಿಧೇಯ ಊರು ಮತ್ತು ತಾಲ್ಲೂಕು ಎಂಬ ಎರಡು ಸ್ಥಾನಗಳುಳ್ಳ, ಮೊದಲ ಸ್ತರದ ಸಂಬಂಧ. ಆದರೂ ನಿಷೇಧ ‘ಇಲ್ಲ’. ಹೀಗಾಗಿ ‘ಇಲ್ಲ’ವನ್ನು ಎರಡನೆಯ ಸ್ತರಕ್ಕೆ ಕಟ್ಟಿಹಾಕುವಂತಿಲ್ಲ. (8)ರಲ್ಲಿಯೂ ಅಸ್ತಿತ್ವದ ಪರಿಮಾಣಕವನ್ನು ತುರುಕಿದರೆ ಅದು ಹೊರಗಿನಿಂದ ಹೇರಿದಂತಾಗುತ್ತದೆ.

5. ಎರಡು ಅಭಾವಗಳು

ಈ ಕೊರತೆಯನ್ನು ತುಂಬುವ ವಿಶ್ಲೇಷಣೆ ನ್ಯಾಯದರ್ಶನದಲ್ಲಿದೆ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಂಥ ಪ್ರವೇಶಗ್ರಂಥವನ್ನು ಓದಿದವರಿಗೂ ಅಭಾವದ ವಿಭಾಗ ಗೊತ್ತಿರುತ್ತದೆ. ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ ಎಂಬ ಮೂರು ಒಂದು ಕಡೆ. ಅನ್ಯೋನ್ಯಾಭಾವ ಇನ್ನೊಂದು ಕಡೆ. ಮೊದಲ ಮೂರನ್ನು ಒಟ್ಟಾಗಿ ಸಂಸರ್ಗಾಭಾವ ಎನ್ನುತ್ತಾರೆ: ಒಂದು ಇನ್ನೊಂದರಲ್ಲಿ ನೆಲೆಸದಿರುವುದು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಇದರ ಮಾದರಿ. ಅನ್ಯೋನ್ಯಾಭಾವ ಎಂದರೆ ಒಂದು ಇನ್ನೊಂದಾಗದಿರುವುದು. ಗಡಿಗೆ ಬಟ್ಟೆಯಲ್ಲ ಎಂಬುದು ಮಾದರಿ. ಈ ಎರಡನ್ನು ಬೇರ್ಪಡಿಸುವುದು ನಿಷೇಧದ ಸ್ವರೂಪವಲ್ಲ, ನಿರಾಕರಿಸಲಾಗುವ ಸಂಬಂಧ. ಅನ್ಯೋನ್ಯಾಭಾವದಲ್ಲಿ ಆ ಸಂಬಂಧ ತಾದಾತ್ಮ್ಯ; ಸಂಸರ್ಗಾಭಾವದಲ್ಲಿ ತಾದಾತ್ಮ್ಯವನ್ನು ಬಿಟ್ಟ ಬೇರೊಂದು ಸಂಬಂಧ. ನವ್ಯನ್ಯಾಯದ ಈ ವಿಶ್ಲೇಷಣೆಯನ್ನು ಆಧುನಿಕ ತರ್ಕದ ಓದುಗರಿಗೆ ತಲುಪಿಸಿದವರು 1951ರಲ್ಲಿ ಡೇನಿಯಲ್ ಇಂಗಾಲ್ಸ್, 1968ರಲ್ಲಿ ಬಿಮಲ್ ಕೃಷ್ಣ ಮತಿಲಾಲ್. ಮತಿಲಾಲರ ಗ್ರಂಥದ ವಸ್ತುವೇ ನಿಷೇಧ.

ಸಂಸ್ಕೃತದಲ್ಲಿ ಎರಡೂ ಕಡೆ ‘ನ’ಕಾರ ಒಂದೇ, ಭೇದವನ್ನು ವಿಭಕ್ತಿಗಳಿಂದ ಊಹಿಸಬೇಕು. ನೈಯಾಯಿಕರು ಶಾಸ್ತ್ರ ಕಟ್ಟಿ ಗಳಿಸಿದ ಭೇದವನ್ನು ಕನ್ನಡ ಪದಗಳಲ್ಲೇ ಇಟ್ಟುಕೊಂಡಿದೆ: ‘ಇಲ್ಲ’ ಸಂಸರ್ಗವನ್ನು ನಿರಾಕರಿಸುತ್ತದೆ, ‘ಅಲ್ಲ’ ತಾದಾತ್ಮ್ಯವನ್ನು. (11) ಈಗ ತೊಡಕಲ್ಲ; ಊರು ತಾಲ್ಲೂಕಿನಲ್ಲಿ ನೆಲೆಸಿಲ್ಲ. (8)ರಲ್ಲಿ ಹುಳಿರುಚಿ ಪದಾರ್ಥದಲ್ಲಿ ನೆಲೆಸಿಲ್ಲ. (7)ರಲ್ಲಿ ಜ್ವರ ಮಗುವಿನಲ್ಲಿ ನೆಲೆಸಿಲ್ಲ. ಚತುರ್ಥಿ ಇಲ್ಲಿ ಆಶ್ರಯವನ್ನು ಸೂಚಿಸುತ್ತದೆ. ‘ನನಗೆ ಗೊತ್ತಿಲ್ಲ’, ‘ನನಗೆ ಹಸಿವಿಲ್ಲ’ ಮುಂತಾದ ಚತುರ್ಥೀಕರ್ತೃಕ ವಾಕ್ಯಗಳೂ ಈ ಸಾಲಿಗೆ ಸೇರುತ್ತವೆ. (5)ರಲ್ಲಿ ‘ಹಳೆಯವು’ ಎಂಬುದು ‘ಹಳೆ’ಯ ಮೇಲೆ ಸರ್ವನಾಮ ಪ್ರತ್ಯಯ ಸೇರಿ ಆದ ನಾಮಪದ, ಮರಗಳು ಹಳೆಯ ವಸ್ತುಗಳೊಡನೆ ಒಂದಲ್ಲ ಎಂಬುದು ಅರ್ಥ. ಬರಿಯ ಜಾತಿವಾಚಕ ಬಂದಾಗ, (2)ರಲ್ಲಿರುವಂತೆ, ಅಸ್ತಿತ್ವದ ಪರಿಮಾಣಕ ಕಾಣಿಸಿಕೊಳ್ಳುವುದು ಆ ನಾಮಪದದ ಅನಿರ್ದಿಷ್ಟತೆಯಿಂದ, ‘ಇಲ್ಲ’ದಿಂದಲ್ಲ. ಹೀಗೆ ಫ್ರೇಗೆಯ ವಿಶ್ಲೇಷಣೆ ನಮ್ಮ ವಿವರಣೆಯ ಒಂದು ವಿಶೇಷ ಸಂದರ್ಭವಾಗಿ ಒಳಗೇ ಉಳಿಯುತ್ತದೆ.

ಗಣಿತೀಯ ತರ್ಕದ ಭಾಷೆಯಲ್ಲಿ ಹೇಳುವುದಾದರೆ, ‘ಅಲ್ಲ’ ಇರುವ ವಾಕ್ಯಕ್ಕೆ ಏಕಸ್ಥಾನಿ ವಿಧೇಯ ಅಥವಾ ಸಮತೆ ಸಾಕು. ‘ಇಲ್ಲ’ ಇರುವ ವಾಕ್ಯಕ್ಕೆ ಆಶ್ರಯ ಮತ್ತು ಆಶ್ರಿತ ಎಂಬ ಎರಡು ಸ್ಥಾನಗಳ ವಿಧೇಯ ಬೇಕು. ಎರಡರ ಮುಂದೆಯೂ ಬರುವ ನಿಷೇಧಚಿಹ್ನೆ ಒಂದೇ.

6. ಆಕ್ಷೇಪಗಳು

ಮೊದಲ ಆಕ್ಷೇಪ ಕ್ರಿಯಾಪದದ್ದು. ‘ಬರಲಿಲ್ಲ’, ‘ಬರುವುದಿಲ್ಲ’ ಎಂಬಲ್ಲಿ ಏನು ಎಲ್ಲಿ ನೆಲೆಸಿಲ್ಲ? ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಅವರು 2005ರಲ್ಲಿ ದ್ರಾವಿಡ ಭಾಷೆಗಳ ಪೂರ್ಣಕ್ರಿಯೆ ಮತ್ತು ನಿಷೇಧವನ್ನು ಕುರಿತು ಮಂಡಿಸಿದ ವಿಶ್ಲೇಷಣೆ ಇಲ್ಲಿ ನೆರವಾಗುತ್ತದೆ. ಅವರು ತೋರಿಸುವಂತೆ ಇಲ್ಲಿ ಧಾತು ಅಪೂರ್ಣರೂಪದಲ್ಲಿದೆ: ಒಂದು ಕಡೆ ‘ಬರಲ್’, ಇನ್ನೊಂದು ಕಡೆ ‘ಬರುವುದು’ ಎಂಬ ಕೃದಂತನಾಮ. ವಾಕ್ಯವನ್ನು ಪೂರ್ಣಗೊಳಿಸುವುದು ‘ಇಲ್ಲ’. ನಾನು ಬಂದೆ, ಅವರು ಬಂದರು ಎಂದು ವಿಧಿಯಲ್ಲಿ ಪುರುಷ–ವಚನಗಳನ್ನು ತೋರಿಸುವ ಕ್ರಿಯಾಪದ ‘ನಾನು ಬರಲಿಲ್ಲ’, ‘ಅವರು ಬರಲಿಲ್ಲ’ ಎಂಬಲ್ಲಿ ಅವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಡೊನಾಲ್ಡ್ ಡೇವಿಡ್‌ಸನ್ 1967ರಲ್ಲಿ ಕ್ರಿಯಾವಾಕ್ಯಗಳಿಗೆ ಸೂಚಿಸಿದ ತಾರ್ಕಿಕ ರೂಪವನ್ನು ಜೋಡಿಸಬಹುದು: ಕ್ರಿಯಾವಾಕ್ಯ ಒಂದು ಘಟನೆಯ ಅಸ್ತಿತ್ವವನ್ನು ಹೇಳುತ್ತದೆ. ‘ಬರುವುದಿಲ್ಲ’ ಎಂದರೆ ಬರುವಿಕೆಯೇ ಇಲ್ಲ. ಅಮೃತವಲ್ಲಿ–ಜಯಶೀಲನ್ ಅವರ ವಿಶ್ಲೇಷಣೆ ವಾಕ್ಯರಚನೆಯ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು. ‘ಅಲ್ಲ’ವನ್ನು ಪಕ್ಕದಲ್ಲಿಟ್ಟು ಓದಿದಾಗ ಅದಕ್ಕೆ ತಾರ್ಕಿಕ ಸಮರ್ಥನೆಯೂ ದೊರೆಯುತ್ತದೆ. ಗುಣವಾಚಕವು ದ್ರಾವಿಡದಲ್ಲಿ ಮೂಲವರ್ಗವಲ್ಲ, ನಾಮಪದಕ್ಕೆ ವಿಭಕ್ತಿ ಸೇರಿ ಆಗುವಂಥದ್ದು ಎಂಬ ಅವರ ಇನ್ನೊಂದು ವಾದವೂ ಹೀಗೆಯೇ. ‘ಉದ್ದಕ್ಕೆ ಇದ್ದಾನೆ’ ಎಂಬಲ್ಲಿ ಚತುರ್ಥಿ ಬಯಲಿಗೇ ಕಾಣುತ್ತದೆ; ಅದರ ನಿಷೇಧ ‘ಉದ್ದಕ್ಕೆ ಇಲ್ಲ’.

ಆದರೆ ಹಳಗನ್ನಡದ ನಿಷೇಧಕ್ರಿಯೆ ಈ ವಿವರಣೆಗೆ ಒಳಪಡುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ವಿವರಿಸುವ ಭಾಷೆಯಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಸೇರಿ ನಿಷೇಧ ಸಿದ್ಧಿಸುತ್ತದೆ. ಅಲ್ಲಿ ‘ಅಲ್ಲ’ವೂ ಇಲ್ಲ, ‘ಇಲ್ಲ’ವೂ ಇಲ್ಲ. ಇಂದಿನ ‘ಬಾರದು’, ‘ಮಾಡದೆ’ ಅದರ ಉಳಿಕೆಗಳು. ಆದ್ದರಿಂದ ಕ್ರಿಯಾಪದದ ಮಟ್ಟಿಗೆ ನಮ್ಮ ಪರೀಕ್ಷೆ ಹೊಸಗನ್ನಡದ ಬಿಡಿನಿಷೇಧಕ್ಕೆ ಮಾತ್ರ ಅನ್ವಯಿಸುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಕನ್ನಡದ ಜೊತೆಜೊತೆಗೆ ಆಡುವ ತೆಲುಗಿನಲ್ಲಿ ಎರಡು ಪದರಗಳೂ ಇಂದಿಗೂ ಅಕ್ಕಪಕ್ಕದಲ್ಲಿವೆ. ‘ಕಾದು’ ಮತ್ತು ‘ಲೇದು’ ಎಂಬ ಜೋಡಿ ನಮ್ಮ ‘ಅಲ್ಲ’, ‘ಇಲ್ಲ’ಗಳಂತೆಯೇ ನಡೆಯುತ್ತದೆ, ಭೂತಕಾಲದಲ್ಲಿ ‘ರಾಲೇದು’ ಎನ್ನುವ ತೆಲುಗು ‘ಬಾರನು’ ಎಂಬರ್ಥದಲ್ಲಿ ‘ರಾಡು’ ಎಂಬ ಹಳೆಯ ಬಗೆಯ ರೂಪವನ್ನೂ ಉಳಿಸಿಕೊಂಡಿದೆ. ಎರಡೂ ಭಾಷೆಗಳನ್ನಾಡುವವರ ತೀರ್ಮಾನಗಳನ್ನು ಒಟ್ಟಿಗೆ ಸಂಗ್ರಹಿಸಲು ನಲ್ಲೂರಿನ ಸುತ್ತಲ ಸೀಮೆ ತಕ್ಕ ಜಾಗ.

ಎರಡನೆಯ ಆಕ್ಷೇಪ ತಮಿಳಿನದು. ಇಂದಿನ ಆಡುತಮಿಳಿನಲ್ಲಿ ‘ಇಲ್ಲೈ’ ಎಂಬುದೇ ಎರಡೂ ಕಡೆ ಬರುತ್ತದೆ. ತಮಿಳರು ತಾದಾತ್ಮ್ಯವನ್ನೂ ಸಂಸರ್ಗವನ್ನೂ ಬೇರ್ಪಡಿಸಿ ಯೋಚಿಸಲಾರರೇ? ಖಂಡಿತ ಯೋಚಿಸಬಲ್ಲರು. ನಮ್ಮ ವಾದ ಭಾಷೆ ಆಲೋಚನೆಯನ್ನು ಕಟ್ಟಿಹಾಕುತ್ತದೆ ಎಂಬುದಲ್ಲ. ತಾರ್ಕಿಕ ಭೇದ ಎಲ್ಲ ಭಾಷೆಗಳಲ್ಲೂ ಇದೆ. ಕನ್ನಡದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕಾಣುವುದನ್ನು ಸೂತ್ರದಲ್ಲಿ ಅಳಿಸಿಹಾಕುವುದು ವಿಶ್ಲೇಷಕರ ತಪ್ಪು. ಕನ್ನಡದಲ್ಲಿಯೂ ಪ್ರಶ್ನೆಗೆ ಒಂಟಿ ಉತ್ತರವಾಗಿ ‘ಇಲ್ಲ’ ಎಂಬುದು ‘ಅಲ್ಲ’ದ ಜಾಗವನ್ನು ಆಕ್ರಮಿಸುವುದುಂಟು. ಹಾಗಾಗಿ ಪರೀಕ್ಷೆಗೆ ಬಿಡಿ ಉತ್ತರಗಳನ್ನು ಆಧರಿಸದೆ ಪೂರ್ಣವಾಕ್ಯಗಳನ್ನೇ ಆಧರಿಸಬೇಕು.

ಮೂರನೆಯ ಆಕ್ಷೇಪ ಇನ್ನೂ ಆಳವಾದದ್ದು. ಡಿ. ಎನ್. ಶಂಕರ ಭಟ್ ಅವರು 1991ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ಕರ್ತೃ–ಕರ್ಮಗಳಂಥ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಬೇಕಾದವಲ್ಲ ಎಂದು ವಾದಿಸುತ್ತಾರೆ. ಕನ್ನಡ ಅರ್ಥಸಂಬಂಧಗಳನ್ನು ವಿಭಕ್ತಿಗಳಲ್ಲೂ ಮಾಹಿತಿಯ ಸಂಬಂಧಗಳನ್ನು ಪದಕ್ರಮದಲ್ಲೂ ಬೇರೆಬೇರೆಯಾಗಿ ಸೂಚಿಸುವುದರಿಂದ ಅವೆರಡನ್ನೂ ಬೆರೆಸುವ ಮಧ್ಯದ ಹಂತ ಅದಕ್ಕೆ ಬೇಡ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಅವರ ಒತ್ತಾಯದ ಹಿಂದೆಯೂ ಪರಭಾಷೆಯ ಚೌಕಟ್ಟನ್ನು ಹೇರಬಾರದೆಂಬ ಇಂಥದ್ದೇ ಎಚ್ಚರವಿದೆ. ಈ ನಿಲುವನ್ನು ಒಪ್ಪಿದರೆ ಉದ್ದೇಶ್ಯ–ವಿಧೇಯದ ಚರ್ಚೆಯೇ ಅನಗತ್ಯ ಎನ್ನಿಸಬಹುದು. ನಮ್ಮ ಎಣಿಕೆಯಲ್ಲಿ ಅದು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ವ್ಯಾಕರಣದ ಉದ್ದೇಶ್ಯವನ್ನು ಕೈಬಿಟ್ಟ ಶಂಕರ ಭಟ್ಟರು ಫ್ರೇಗೆ ನಿಂತ ಕಡೆಯೇ ನಿಲ್ಲುತ್ತಾರೆ. ವ್ಯಾಕರಣದ ವಿಧೇಯದಿಂದ ಬಿಡುಗಡೆ ಸಿಕ್ಕಿತು ಎಂದ ಮಾತ್ರಕ್ಕೆ ತಾರ್ಕಿಕ ವಿಧೇಯ ಯಾವುದೆಂಬ ಪ್ರಶ್ನೆಯಿಂದ ಬಿಡುಗಡೆ ಸಿಗುವುದಿಲ್ಲ; ಅದನ್ನು ಇನ್ನು ಮುಂದೆ ಕರ್ತೃಪದದ ಆಸರೆಯಿಲ್ಲದೆ, ಭಾಷೆಯ ಬೇರೆ ಸಾಕ್ಷ್ಯಗಳಿಂದಲೇ ನಿರ್ಧರಿಸಬೇಕಾಗುತ್ತದೆ. ‘ಅಲ್ಲ’ ಮತ್ತು ‘ಇಲ್ಲ’ ಅಂಥ ಸಾಕ್ಷ್ಯ; ಅದೂ ಕನ್ನಡದ ಒಳಗಿನದು.

7. ಪರೀಕ್ಷೆ ನಿಲ್ಲುವ ಕಡೆ

ನಿಷೇಧ ಯಾವ ವಿಧೇಯದ್ದು ಎಂಬುದನ್ನು ಈ ಪರೀಕ್ಷೆ ಹೇಳುತ್ತದೆ. ನಿಷೇಧದ ಹರವು ಎಷ್ಟು ಎಂಬುದನ್ನು ಹೇಳುವುದಿಲ್ಲ. (‘ವ್ಯಾಪ್ತಿ’ ಎಂಬ ಪದಕ್ಕೆ ನ್ಯಾಯದಲ್ಲಿ ಬೇರೆ ಅರ್ಥವಿರುವುದರಿಂದ ಇಲ್ಲಿ ‘ಹರವು’ ಎಂದಿದ್ದೇವೆ.)

(12) ಎಲ್ಲ ಮರಗಳೂ ಹಳೆಯವಲ್ಲ.

ಒಂದು ಓದಿನಲ್ಲಿ ಹಳೆಯ ಮರ ಒಂದೂ ಇಲ್ಲ. ಇನ್ನೊಂದರಲ್ಲಿ ಕೆಲವು ಹಳೆಯವು, ಕೆಲವು ಅಲ್ಲ. ‘ಅಲ್ಲ’ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ಸಂರಕ್ಷಣೆಯ ಆದೇಶವೊಂದರಲ್ಲಿ ಇಂಥ ವಾಕ್ಯ ಬಂದರೆ ಯಾವ ಮರಕ್ಕೆ ರಕ್ಷಣೆ, ಯಾವುದಕ್ಕೆ ಕೊಡಲಿ ಎಂಬುದು ಓದಿನ ಮೇಲೆ ನಿಲ್ಲುತ್ತದೆ. (10)ರಂಥ ವಾಕ್ಯಕ್ಕೆ ಈ ತೊಡಕಿಲ್ಲ. ಅಲ್ಲಿ ಎರಡು ನಿಷೇಧಗಳೂ ತಮ್ಮತಮ್ಮ ಹರವನ್ನು ಹೊತ್ತುಕೊಂಡೇ ಬರುತ್ತವೆ. ಆಡಳಿತಕನ್ನಡ ಬರೆಯುವವರು ಎರಡನೆಯ ಮಾದರಿಯನ್ನು ಆರಿಸಿಕೊಳ್ಳುವುದು ಮೇಲು.

ಹರವಿನ ಬಗ್ಗೆ ಕನ್ನಡದಿಂದ ದೊರೆತ ಪ್ರಮುಖ ಪ್ರಯೋಗವೆಂದರೆ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷ್ ಮತ್ತು ಕನ್ನಡವನ್ನಾಡುವ ನಾಲ್ಕು ವರ್ಷದ ಮಕ್ಕಳನ್ನು ಅವರು ಹೋಲಿಸಿದರು. ಸಂಖ್ಯಾವಾಚಕವುಳ್ಳ ಕರ್ಮಪದ ಇಂಗ್ಲಿಷಿನಲ್ಲಿ ನಿಷೇಧದ ನಂತರ ಬರುತ್ತದೆ, ಕನ್ನಡದಲ್ಲಿ ಮೊದಲು. ಆದರೂ ಎರಡೂ ಭಾಷೆಯ ಮಕ್ಕಳು ಸಂಖ್ಯೆಯನ್ನು ನಿಷೇಧದ ಹರವಿನೊಳಗೇ ಇಟ್ಟು ಅರ್ಥಮಾಡಿಕೊಂಡರು. ವಯಸ್ಕರಿಗೆ ಎರಡು ಓದುಗಳೂ ಲಭ್ಯವಿದ್ದವು. ಹರವನ್ನು ನಿರ್ಧರಿಸುವುದು ಪದಗಳ ಸಾಲಲ್ಲ, ವಾಕ್ಯದ ಶ್ರೇಣೀಕೃತ ರಚನೆ ಎಂಬ ತೀರ್ಮಾನಕ್ಕೆ ಕನ್ನಡವೇ ನಿರ್ಣಾಯಕವಾಯಿತು. ಈ ತೀರ್ಮಾನವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಅಲ್ಲಿನ ನಿಷೇಧ ಕ್ರಿಯಾಪದಕ್ಕೆ ಸೇರಿದ ‘ಇಲ್ಲ’. ನಮ್ಮ ವಿವರಣೆ ಸರಿಯಾದರೆ, ಸಂಖ್ಯೆಯೇ ವಿಧೇಯವಾಗಿರುವ ‘ಮುನ್ನೂರಲ್ಲ’ದಂಥ ವಾಕ್ಯಗಳಲ್ಲಿ ಮಕ್ಕಳು ನಿಖರ ಅರ್ಥವನ್ನೂ, ‘ಮೂರು ಹಣ್ಣು ಇಲ್ಲ’ದಂಥ ವಾಕ್ಯಗಳಲ್ಲಿ ‘ಕಡೇಪಕ್ಷ’ದ ಅರ್ಥವನ್ನೂ ಹಿಡಿಯಬೇಕು. ಒಂದೇ ಸಂಖ್ಯೆ, ಒಂದೇ ಚಿತ್ರ, ಎರಡು ನಿಷೇಧಪದಗಳು: ಒಬ್ಬ ಸಂಶೋಧನ ವಿದ್ಯಾರ್ಥಿಯ ಕೈಗೆ ಎಟುಕುವ ಪ್ರಯೋಗವಿದು. ಅದರ ಫಲಿತಾಂಶ ನಮ್ಮ ವಾದವನ್ನು ಸುಳ್ಳಾಗಿಸಲೂಬಹುದು.

8. ಮುಕ್ತಾಯ

ಮೂರು ಸೂಚನೆಗಳೊಂದಿಗೆ ಲೇಖನವನ್ನು ಮುಗಿಸುತ್ತೇವೆ. ‘ವಿಧೇಯ’ ಎಂಬ ಪದವನ್ನು ಬಳಸುವಾಗ ಅದು ವಾಕ್ಯಭಾಗವೋ ತಾರ್ಕಿಕ ಫಲನವೋ ಎಂಬುದನ್ನು ಪ್ರತಿಸಲವೂ ಸ್ಪಷ್ಟಪಡಿಸಬೇಕು; ‘ತಾರ್ಕಿಕ ವಿಧೇಯ’ ಎಂಬ ವಿಶೇಷಣಸಹಿತ ಪದ ಸದ್ಯಕ್ಕೆ ಸಾಕು. ಕನ್ನಡ ವಾಕ್ಯದ ತಾರ್ಕಿಕ ರೂಪವನ್ನು ಬರೆಯುವ ಮುನ್ನ ಅದರ ನಿಷೇಧವನ್ನು ಬರೆದು, ‘ಅಲ್ಲ’ವೋ ‘ಇಲ್ಲ’ವೋ ಎಂಬುದನ್ನು ನೋಡಿ ವಿಧೇಯದ ಸ್ಥಾನಗಳನ್ನು ನಿರ್ಧರಿಸಬೇಕು. ಹರವಿನ ಪ್ರಶ್ನೆಯನ್ನು ಇದರೊಡನೆ ಬೆರೆಸದೆ ಪ್ರತ್ಯೇಕವಾಗಿ ಎತ್ತಿಕೊಳ್ಳಬೇಕು.

ಗಣಿತೀಯ ತರ್ಕ ಕನ್ನಡಕ್ಕೆ ಪರಕೀಯವಾದ ಚೌಕಟ್ಟು, ಆದ್ದರಿಂದ ಅದು ಕನ್ನಡದ ಭೇದಗಳನ್ನು ಹಿಡಿಯಲಾರದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಚೌಕಟ್ಟಿನಲ್ಲಿ ಎರಡು ಸ್ಥಾನಗಳ ವಿಧೇಯಕ್ಕೆ ಜಾಗವಿದೆ, ಸಮತೆಗೆ ಜಾಗವಿದೆ, ಎರಡನೆಯ ಸ್ತರಕ್ಕೂ ಜಾಗವಿದೆ. ಯಾವ ವಾಕ್ಯ ಯಾವುದನ್ನು ಬೇಡುತ್ತದೆ ಎಂದು ಕೇಳುವ ಕೆಲಸ ಮಾತ್ರ ಭಾಷಾಶಾಸ್ತ್ರಜ್ಞರಿಗೆ ಸೇರಿದ್ದು. ಆ ಪ್ರಶ್ನೆಗೆ ಕನ್ನಡ ತನ್ನ ನಿಷೇಧಪದಗಳಲ್ಲಿ ಬಹುಕಾಲದಿಂದ ಉತ್ತರ ಕೊಡುತ್ತಲೇ ಬಂದಿದೆ.